ಭೂಗೋಳದ ಪದಗಳಿಗೆ ಅಂಚು ಎಳೆಸುವುದು: ನನ್ನ ಅನುಭವ

ನೀರು ಹರಿಸಿ ನದಿಯ ಮಾದರಿ ತೋರಿಸುವ ಮರಳಿನ ತಟ್ಟೆ ಎಂದ ಕೂಡಲೇ ಭೂಗೋಳ ಕಲಿಸುವವರಲ್ಲಿ ಹೆಚ್ಚಿನವರು ನಗುತ್ತಾರೆ. ಅದು ಚಿಕ್ಕ ಮಕ್ಕಳ ಆಟ, ಪರೀಕ್ಷೆಗೆ ಬೇಕಾದದ್ದು ವ್ಯಾಖ್ಯೆ, ವ್ಯಾಖ್ಯೆ ಬರುವುದು ಬಾಯಿಪಾಠದಿಂದ ಎಂಬುದು ಅವರ ವಾದ. ಅದರಲ್ಲಿ ಅರ್ಧ ನಿಜವಿದೆ. ಬರೀ ತಟ್ಟೆಯಿಂದ ಏನೂ ಆಗುವುದಿಲ್ಲ. ಆದರೆ ತಟ್ಟೆ, ಸಮೋನ್ನತಿ ರೇಖೆಯ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ) ಹಾಳೆ, ಒಂದು ಹಿಡಿ ಕಾಳು, ಈ ಮೂರನ್ನೂ ಒಂದೇ ನಿಯಮಕ್ಕೆ ಕಟ್ಟಿದ ಮೇಲೆ ನೂರು ನೂರಿಪ್ಪತ್ತು ಮೂಲ ಪದಗಳು ಕಲಿಯುವವರ ತಲೆಯಲ್ಲಿ ಅಲ್ಲಾಡದೆ ಕೂತಿವೆ. ನಕ್ಕವರೇ ಈಗ ತಟ್ಟೆಯ ಅಳತೆ ಕೇಳುತ್ತಿದ್ದಾರೆ.

ನಿಯಮ ಇಷ್ಟೆ: ಪದದ ಅರ್ಥ ಕೇಳುವುದಿಲ್ಲ, ಅಂಚು ಕೇಳುತ್ತೇನೆ. ‘ಕಣಿವೆ ಎಂದರೇನು’ ಎಂಬ ಪ್ರಶ್ನೆಯೇ ಇಲ್ಲ. ಈ ಕಣಿವೆ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು, ಪೆನ್ಸಿಲಿನಲ್ಲಿ ಎಳೆದು ತೋರಿಸಬೇಕು. ವ್ಯಾಖ್ಯೆಯನ್ನು ತಪ್ಪಿಲ್ಲದೆ ಒಪ್ಪಿಸಿದವರು ಗೆರೆ ಎಳೆಯುವಾಗ ತಡವರಿಸುತ್ತಾರೆ. ಗೊತ್ತಿಲ್ಲದ್ದು ಯಾವುದು ಎಂದು ಅಲ್ಲೇ ಬಯಲಾಗುತ್ತದೆ.

ತಟ್ಟೆಯ ವಿಷಯಕ್ಕೆ ಬರೋಣ. ಸುಮಾರು 90 ಸೆಂ.ಮೀ. ಉದ್ದ, 45 ಅಗಲ, 10 ಆಳ ಇದ್ದರೆ ಸಾಕು. ಇದಕ್ಕಿಂತ ಚಿಕ್ಕದಾದರೆ ನದಿಗೆ ತಿರುಗಲು ಜಾಗವಿರುವುದಿಲ್ಲ, ದೊಡ್ಡದಾದರೆ ಎತ್ತುವವರಿರುವುದಿಲ್ಲ. ಮೇಲಿನ ಮೂರನೇ ಎರಡು ಭಾಗಕ್ಕೆ 5 ಸೆಂ.ಮೀ. ದಪ್ಪ ಮರಳು ಹರಡಿದರೆ 20–25 ಕೆ.ಜಿ. ಹಿಡಿಯುತ್ತದೆ, ನೀರು ಸೇರಿದ ಮೇಲೆ ಇನ್ನೂ ಭಾರ. ಸಪೂರ ಕಾಲಿನ ಮೇಜು ಬೇಡ. ಮೇಲ್ತುದಿಯ ಕೆಳಗೆ 4–5 ಸೆಂ.ಮೀ. ಎತ್ತರದ ಹಲಗೆ ಕೊಟ್ಟರೆ ಹೆಚ್ಚುಕಡಿಮೆ 3 ಡಿಗ್ರಿ ಇಳಿಜಾರು. ಕೆಳತುದಿಯಲ್ಲಿ ಒಂದು ತೂತು, ಅದಕ್ಕೊಂದು ಬಾಗುವ ನಳಿಕೆ. ನಳಿಕೆಯ ಬಾಯಿ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ನಿಮ್ಮ ಸಮುದ್ರಮಟ್ಟ. ಈ ನಳಿಕೆ ಇಡೀ ತಟ್ಟೆಯ ಕೀಲಿಕೈ. ಅದನ್ನು ಬಿಟ್ಟು ತಟ್ಟೆ ಮಾಡಿದವರು ಸವೆತ ಒಂದನ್ನು ತೋರಿಸಿ ಸುಮ್ಮನಾಗುತ್ತಾರೆ.

ಕೆಡುವುದು ಬಹುಪಾಲು ಮೂರು ಕಾರಣಕ್ಕೆ. ಒಣ ಮರಳಿಗೆ ನೀರು ಬಿಟ್ಟರೆ ಹರಿಯುವುದೇ ಇಲ್ಲ, ಇಂಗಿ ಕೆಳಗಿಂದ ಜಿನುಗುತ್ತದೆ. ಆದ್ದರಿಂದ ಮೊದಲೇ ಪೂರ್ತಿ ನೆನೆಸಿ, ಅಂಗೈಯಿಂದ ಒತ್ತಿ, ಹಲಗೆಯಲ್ಲಿ ಸಮಮಾಡಬೇಕು. ಎರಡನೆಯದು ಇಳಿಜಾರಿನ ಆಸೆ. ಬೇಗ ಕೊರೆಯಲಿ ಎಂದು 8–10 ಡಿಗ್ರಿ ಕೊಟ್ಟರೆ ನೇರವಾದ ಒಂದೇ ಕೊರಕಲು ಬಿದ್ದು ಆಟ ಮುಗಿಯುತ್ತದೆ. ಮೂರನೆಯದು ನೀರಿನ ರಭಸ. ನಿಮಿಷಕ್ಕೆ ಒಂದು ಲೀಟರಿನ ಆಸುಪಾಸು ಸಾಕು, ಅದೂ ನೇರ ಮರಳಿನ ಮೇಲೆ ಬೀಳದೆ ಒಂದು ಚಪ್ಪಟೆ ಕಲ್ಲಿನ ಮೇಲೆ ಬೀಳಬೇಕು. ಇಲ್ಲದಿದ್ದರೆ ಉಗಮದಲ್ಲೇ ಗುಂಡಿ ಬಿದ್ದು ನದಿ ಅಲ್ಲೇ ಮಡುಗಟ್ಟುತ್ತದೆ.

ಎಲ್ಲ ಸರಿಯಾಗಿದ್ದರೆ ಕೆಲವೇ ನಿಮಿಷದಲ್ಲಿ ಕೆಳಗಿನ ನಿಂತ ನೀರಿನಲ್ಲಿ ಮುಖಜ ಭೂಮಿ, ಅಂದರೆ ನದಿ ತಂದ ಮರಳು ಬಾಯಲ್ಲಿ ಶೇಖರವಾದ ನೆಲ, ಬೆಳೆಯುತ್ತದೆ. ಇದನ್ನು ದೂರದಿಂದ ನೋಡಿ ಬಿಡಬಾರದು, ಕಣ್ಣನ್ನು ತಟ್ಟೆಯ ಮಟ್ಟಕ್ಕೆ ಇಳಿಸಬೇಕು. ನದಿ ನಿಂತ ನೀರನ್ನು ಮುಟ್ಟಿದ ಕಡೆ ಮರಳಿನ ಕಣಗಳು ತುದಿಯವರೆಗೆ ಉರುಳಿ ಬಂದು, ಅಲ್ಲಿ ರಾಶಿಯಾಗಿ, ಮೂವತ್ತು ಡಿಗ್ರಿ ಆಸುಪಾಸಿನ ಕಡಿದಾದ ಮುಖದ ಮೇಲೆ ಒಮ್ಮೆಗೇ ಜಾರುತ್ತವೆ. ಮುಖ ಒಂದು ಕೂದಲೆಳೆ ಮುಂದೆ ಸರಿಯುತ್ತದೆ. ಆಮೇಲೆ ಪ್ರವಾಹ ಪಕ್ಕದ ತಗ್ಗಿಗೆ ಹೊರಳಿ ಅಲ್ಲಿ ಮತ್ತೆ ಅದನ್ನೇ ಮಾಡುತ್ತದೆ. ಹೊರಳಿದ ಪ್ರತಿ ಸಲವೂ ಒಂದು ಕವಲು. ಉಪನದಿ ಯಾವುದು, ಕವಲು ಯಾವುದು ಎಂಬ ಹಳೆಯ ಗೊಂದಲ ಇಲ್ಲೇ ಮುಗಿಯುತ್ತದೆ, ಏಕೆಂದರೆ ಪ್ರತಿ ಸೀಳಿನಲ್ಲೂ ನೀರು ಹರಿಯುವ ದಿಕ್ಕಿಗೆ ಬಾಣದ ಗುರುತು ಹಾಕಿಸುತ್ತೇನೆ. ಬಾಣ ಮುಖ್ಯ ನದಿಯ ಕಡೆಗಿದ್ದರೆ ಉಪನದಿ, ಅದರಿಂದ ಆಚೆಗಿದ್ದರೆ ಕವಲು.

ಇನ್ನು ಅಳಿವೆ. ಮುಖಜ ಭೂಮಿ ಇಲ್ಲದ ನದೀಮುಖವೇ ಅಳಿವೆ ಎಂದು ಬರೆಸಿ ಮುಗಿಸುವ ರೂಢಿ ಇದೆ. ತಟ್ಟೆಯಲ್ಲಿ ಅದಕ್ಕಿಂತ ಚೆನ್ನಾಗಿ ತೋರಿಸಬಹುದು. ಮೊದಲು ನಳಿಕೆಯನ್ನು ಇಳಿಸಿ ನದಿ ಆಳವಾಗಿ ಕೊರೆಯಲು ಬಿಡಿ. ಆಮೇಲೆ ನೀರಿನ ಹರಿವು ನಿಲ್ಲಿಸಿ ನಳಿಕೆಯನ್ನು 2 ಸೆಂ.ಮೀ. ಎತ್ತಿ, ಕೆಳಗಿನಿಂದ ನಿಧಾನ ನೀರು ತುಂಬಿಸಿ. ಸಮುದ್ರ ಕಣಿವೆಯೊಳಕ್ಕೆ ನುಗ್ಗಿ ಆಲಿಕೆಯ ಬಾಯಿಯ ಆಕಾರ ತಾಳುತ್ತದೆ. ಈಗ ಮತ್ತೆ ಹರಿವು ಬಿಟ್ಟರೆ ಅದೇ ಅಳಿವೆಯ ಒಳತುದಿಯಲ್ಲಿ ಹೊಸ ಮುಖಜ ಭೂಮಿ ಶುರು. ಎರಡೂ ವಿರುದ್ಧ ಪದಗಳೆಂದು ಕಲಿತವರಿಗೆ ಇದು ಆಘಾತ. ಒಂದೇ ನದೀಮುಖ ಕಾಲಕ್ಕೆ ತಕ್ಕಂತೆ ಎರಡೂ ಆಗಬಹುದು.

ನದಿಯ ಅಂಕುಡೊಂಕು ಮಾತ್ರ ಬಹಳ ಸತಾಯಿಸುತ್ತದೆ. ಶುದ್ಧ ಮರಳಿನಲ್ಲಿ ದಡಕ್ಕೆ ಹಿಡಿತವಿಲ್ಲ. ದಡ ಕುಸಿದು, ನದಿ ಅಗಲವಾಗಿ, ನಡುವೆ ದಿಣ್ಣೆಗಳೆದ್ದು, ಜಡೆ ಹೆಣೆದ ಹಾಗೆ ನೂರು ಎಳೆ ಆಗಿಬಿಡುತ್ತದೆ. ಅದೂ ಒಂದು ಪಾಠವೇ, ಆದರೆ ನದಿಯ ತಿರುವು ಕಡಿದುಹೋಗಿ ಉಳಿಯುವ ಕುದುರೆ ಲಾಳಾಕಾರದ ಸರೋವರ ಬೇಕೆಂದರೆ ದಡ ಗಟ್ಟಿಯಾಗಬೇಕು. ಪಕ್ಕಪ್ರಯೋಗವಾಗಿ ಕುದುರೆ ಮೆಂತ್ಯದ ಬೀಜ ಚೆಲ್ಲಿ ಮೊಳಕೆ ಬಂದ ಮೇಲೆ ನೀರು ಬಿಟ್ಟರೆ ಬೇರುಗಳು ದಡವನ್ನು ಚೆನ್ನಾಗಿ ಹಿಡಿಯುತ್ತವೆ. ನಿಜವಾದ ನದಿಗಳಲ್ಲಿ ಗಿಡಗಂಟಿ ಮಾಡುವ ಕೆಲಸವೂ ಅದೇ. ಕಾಯುವ ತಾಳ್ಮೆ ಇಲ್ಲದವರು ಮರಳಿಗೆ ನುಣುಪು ಜೇಡಿಮಣ್ಣು ಬೆರೆಸಬೇಕು. ಎಷ್ಟು ಪಾಲು ಎಂಬುದನ್ನು ಇಲ್ಲಿ ಹೇಳುವುದಿಲ್ಲ, ಮಾಡಿ ನೋಡಿಯೇ ಕಂಡುಕೊಳ್ಳಲಿ. ಹೆಚ್ಚಾದರೆ ನದಿ ಕೊರೆಯುವುದೇ ಇಲ್ಲ ಎಂಬಷ್ಟು ಸುಳಿವು ಸಾಕು.

ದುಡ್ಡು ಹಾಳಾಗುವುದು ಮುಖ್ಯವಾಗಿ ಪಂಪಿಗೆ. ಮೀನಿನ ತೊಟ್ಟಿಯ ಸಣ್ಣ ಪಂಪು ಬಕೆಟ್ಟಿನ ತಳದಲ್ಲಿ ಕೂತರೆ ಮರಳು ಎಳೆದುಕೊಂಡು ಕೆಲವೇ ದಿನದಲ್ಲಿ ಕೈಕೊಡುತ್ತದೆ. ಇಟ್ಟಿಗೆಯ ಮೇಲೆ ಕೂರಿಸಿ, ತೆಳು ಬಟ್ಟೆಯ ಚೀಲ ತೊಡಿಸಿದರೆ ವರ್ಷಗಟ್ಟಲೆ ಬಾಳುತ್ತದೆ. ಪಂಪೇ ಬೇಡವೆಂದರೆ ನಲ್ಲಿ ಇರುವ ಎತ್ತರದ ಡಬ್ಬಿ ಸಾಕು, ಆದರೆ ನೀರು ತಗ್ಗಿದಂತೆ ಹರಿವು ಇಳಿಯುತ್ತದೆ ಎಂಬ ನೆನಪಿರಲಿ. ಇನ್ನೊಂದು ದುಬಾರಿ ಮೋಹ ರೆಡಿಮೇಡ್ ಉಬ್ಬು ನಕಾಶೆ. ಅದರ ಬೆಲೆಯಲ್ಲಿ ನಾಲ್ಕೈದು ತಟ್ಟೆ ಆಗುತ್ತವೆ. ಅದೂ ಗೋಡೆಗೆ ಸೇರಿದ ಮೇಲೆ ಯಾರೂ ಮುಟ್ಟುವುದಿಲ್ಲ. ತಟ್ಟೆಯ ಕೊಳೆನೀರನ್ನು ಸಿಂಕಿಗೆ ಸುರಿಯುವವರು ಪ್ಲಂಬರಿನ ಕೂಲಿಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಲಿ.

ಶಿಥಿಲೀಕರಣ ಮತ್ತು ಸವೆತದ ಅಂಚಿಗೆ ಒಂದೇ ಪ್ರಶ್ನೆ: ಕಣ ಜಾಗ ಬಿಟ್ಟಿತೇ? ಒಡೆದು ಅಲ್ಲೇ ಬಿದ್ದಿದ್ದರೆ ಶಿಥಿಲೀಕರಣ, ಸಾಗಿಹೋದರೆ ಸವೆತ. ಪ್ರಯೋಗಕ್ಕೆ ಹೆಚ್ಚಿನವರು ಸೀಮೆಸುಣ್ಣದ ಮೇಲೆ ವಿನೆಗರ್ ಸುರಿದು, ಗುಳ್ಳೆ ಬರದೆ ಪೆಚ್ಚಾಗುತ್ತಾರೆ. ಕಪ್ಪುಹಲಗೆಯ ಸೀಮೆಸುಣ್ಣ ಬಹಳ ಸಲ ಜಿಪ್ಸಮ್ಮಿನದು, ವಿನೆಗರಿಗೆ ಅದು ಜಗ್ಗುವುದಿಲ್ಲ. ಅಮೃತಶಿಲೆಯ ಚೂರು ಅಥವಾ ಮೊಟ್ಟೆಯ ಚಿಪ್ಪು ಹಾಕಿ, ಗುಳ್ಳೆ ತಾನಾಗಿ ಏಳುತ್ತದೆ. ಭೌತಿಕ ಶಿಥಿಲೀಕರಣಕ್ಕೆ ನೆನೆಸಿದ ಇಟ್ಟಿಗೆ ಚೂರನ್ನು ಫ್ರೀಜರಿನಲ್ಲಿ ಇಟ್ಟು ತೆಗೆದು, ಮತ್ತೆ ನೆನೆಸಿ ಇಡುತ್ತಾ ಹೋಗಬೇಕು. ಅವಸರಪಟ್ಟರೆ ಫಲವಿಲ್ಲ.

ಸಮೋನ್ನತಿ ರೇಖೆಗೆ ಎಲ್ಲರಿಗೂ ಗೊತ್ತಿರುವ ಉಪಾಯವೇ: ಪಾರದರ್ಶಕ ಡಬ್ಬಿಯಲ್ಲಿ ಬೆಟ್ಟದ ಮಾದರಿ, ಒಂದೊಂದು ಸೆಂಟಿಮೀಟರ್ ನೀರು ಏರಿಸಿ ಗೆರೆ ಗೀಚುವುದು. ಸಾದಾ ಜೇಡಿಮಣ್ಣು ಕರಗುತ್ತದೆ, ಎಣ್ಣೆ ಸೇರಿದ ಮಾಡೆಲಿಂಗ್ ಕ್ಲೇ ಬಳಸಿ. ನೀರಿಗೆ ನಾಲ್ಕು ಹನಿ ಶಾಯಿ ಬಿದ್ದರೆ ಅಂಚು ಸ್ಪಷ್ಟ. ಮೇಲಿಟ್ಟ ಗಾಜಿನ ಮೇಲೆ ನಕಲು ತೆಗೆಯುವಾಗ ತಲೆ ಅಲ್ಲಾಡಿದರೆ ಗೆರೆಗಳು ಒಂದನ್ನೊಂದು ದಾಟಿಬಿಡುತ್ತವೆ. ಎರಡು ಮೀಟರ್ ಎತ್ತರದಿಂದ ಜೂಮ್ ಮಾಡಿ ಫೋಟೊ ತೆಗೆದು ಅದರ ಮೇಲೆ ಎಳೆಸಿದರೆ ಈ ರಗಳೆ ಇಲ್ಲ.

ನಕ್ಷೆಯ ಸಮೋನ್ನತಿ ರೇಖೆಗಳ ಆಕಾರಕ್ಕೆ ರಟ್ಟು ಕತ್ತರಿಸಿ, ಪೇರಿಸಿ ಬೆಟ್ಟದ ಮಾದರಿ ಮಾಡುವವರು ಒಂದು ಲೆಕ್ಕ ನೋಡಿಕೊಳ್ಳಬೇಕು. 1:50,000 ಪ್ರಮಾಣದ ನಕ್ಷೆಯ ಹಾಳೆಯಲ್ಲಿ ರೇಖೆಗಳ ಅಂತರ 20 ಮೀಟರ್ ಇದ್ದರೆ, ಅದೇ ಪ್ರಮಾಣದಲ್ಲಿ ಒಂದು ಪದರದ ದಪ್ಪ ಬರೀ 0.4 ಮಿ.ಮೀ. ಆಗಬೇಕು. 2 ಮಿ.ಮೀ. ರಟ್ಟು ಹಾಕಿದರೆ ಎತ್ತರ ಐದು ಪಟ್ಟು ಉಬ್ಬುತ್ತದೆ, 5 ಮಿ.ಮೀ. ಥರ್ಮೊಕೋಲ್ ಹಾಕಿದರೆ ಹನ್ನೆರಡೂವರೆ ಪಟ್ಟು. ಸೂಜಿಮೊನೆಯಂಥ ಬೆಟ್ಟ ನೋಡಿ ಕಲಿತವರು ನಿಜವಾದ ಭೂದೃಶ್ಯದ ಎದುರು ನಿಂತು ‘ಇಲ್ಲಿ ಬೆಟ್ಟವೇ ಇಲ್ಲವಲ್ಲ’ ಎನ್ನುವುದು ಇದರಿಂದಲೇ. ಉಬ್ಬು ಎಷ್ಟು ಪಟ್ಟು ಎಂದು ಮಾದರಿಯ ಅಂಚಿನಲ್ಲೇ ಬರೆಸಿ.

ಇದೇ ಹಾಳೆಯ ಮೇಲೆ ಜಲಾನಯನ ಪ್ರದೇಶದ, ಅಂದರೆ ಒಂದು ಹೊಳೆಗೆ ನೀರು ಹರಿದು ಬರುವ ನೆಲದ, ಗೆರೆ. ಸಂಗಮದಿಂದ ಹೊರಟು ಬೆಟ್ಟದ ಏಣು ಹಿಡಿದು, ಸಮೋನ್ನತಿ ರೇಖೆಗಳನ್ನು ಲಂಬವಾಗಿ ಕತ್ತರಿಸುತ್ತಾ ಸುತ್ತಿ ಬರಬೇಕು. ಹೊರಟ ಜಾಗ ಬಿಟ್ಟು ಬೇರೆಲ್ಲಾದರೂ ಗೆರೆ ಹೊಳೆಯನ್ನು ದಾಟಿತೋ, ತಪ್ಪು. ನಂಬದವರಿಗೆ ಮಾದರಿಯ ಏಣಿನ ಮೇಲೆ ಡ್ರಾಪರಿನಿಂದ ಬಣ್ಣದ ಹನಿ ಬಿಡಿಸಿ, ಅದು ಯಾವ ಕಡೆ ಇಳಿಯಿತು ನೋಡಿಸಿ.

ಅಂಚಿನ ಪ್ರಶ್ನೆ ಹೆಚ್ಚು ಕೆಲಸ ಮಾಡುವುದು ಪ್ರಸ್ಥಭೂಮಿಯಲ್ಲಿ. ಇಷ್ಟು ಮೀಟರಿಗಿಂತ ಎತ್ತರವಿದ್ದರೆ ಪ್ರಸ್ಥಭೂಮಿ ಎಂದು ಬಾಯಿಪಾಠ ಮಾಡಿದವರಿಗೆ ಉತ್ತರ ಅಮೆರಿಕದ ಮಹಾಮೈದಾನ ತೋರಿಸಿ. ರಾಕಿ ಪರ್ವತದ ಬುಡದ ಡೆನ್ವರ್ ಬಳಿ ಅದು 1,600 ಮೀಟರ್ ಎತ್ತರದಲ್ಲಿದೆ, ಆದರೂ ಹೆಸರು ಮೈದಾನ. ನೂರಾರು ಕಿಲೋಮೀಟರ್ ಉದ್ದಕ್ಕೆ ಪೂರ್ವಕ್ಕೆ ಸಣ್ಣಗೆ ಇಳಿಯುತ್ತಾ ಹೋಗುತ್ತದೆ. ಪ್ರಸ್ಥಭೂಮಿಗೆ ಸಪಾಟು ನೆತ್ತಿಯ ಜೊತೆ ಕನಿಷ್ಠ ಒಂದು ಕಡೆ ಕಡಿದಾದ ಅಂಚು ಬೇಕು. ಟಿಬೆಟ್ಟಿನ ಸರಾಸರಿ ಎತ್ತರ 4,500 ಮೀಟರಿನ ಆಸುಪಾಸು, ಆದರೆ ಅದನ್ನು ಪ್ರಸ್ಥಭೂಮಿ ಮಾಡಿದ್ದು ಆ ಅಂಕಿಯೊಂದೇ ಅಲ್ಲ.

ಅಂಚೇ ಇಲ್ಲದ ಪದಗಳೂ ಇವೆ, ಅವನ್ನು ಮುಚ್ಚಿಡಬಾರದು. ಕೊಲ್ಲಿ ಎಂಬ ಒಂದೇ ಹೆಸರಿನಡಿ ಬಂಗಾಳ ಕೊಲ್ಲಿಯೂ ಇದೆ, ಅದರ ಮುಂದೆ ತೀರಾ ಚಿಕ್ಕದಾದ ಪರ್ಷಿಯನ್ ಕೊಲ್ಲಿಯೂ ಇದೆ. ಗ್ರೀನ್‌ಲ್ಯಾಂಡ್ ದ್ವೀಪ, ಆಸ್ಟ್ರೇಲಿಯ ಖಂಡ, ನಡುವಿನ ಗೆರೆ ಬರೀ ರೂಢಿಯದು. ನಗರ ಎಂಬ ಪದವಂತೂ ದೇಶಕ್ಕೊಂದು. ಡೆನ್ಮಾರ್ಕಿನಲ್ಲಿ 200 ಜನ ಒತ್ತಾಗಿ ನೆಲೆಸಿದ್ದರೂ ನಗರ ಪ್ರದೇಶ. ಭಾರತದ 2011ರ ಜನಗಣತಿಗೆ, ಪುರಸಭೆಯಂಥ ನಗರಾಡಳಿತ ಇಲ್ಲದ ಊರು ನಗರವಾಗಬೇಕಾದರೆ ಕನಿಷ್ಠ 5,000 ಜನ, ಚದರ ಕಿ.ಮೀ.ಗೆ 400 ಸಾಂದ್ರತೆ, ಮುಖ್ಯ ದುಡಿಮೆಯ ಪುರುಷರಲ್ಲಿ ಶೇ. 75 ಮಂದಿ ಕೃಷಿಯೇತರ ಕೆಲಸದಲ್ಲಿರುವುದು, ಈ ಮೂರೂ ಸೇರಬೇಕು. ಇಂಥ ಪದಗಳಿಗೆ ಗೆರೆಯನ್ನು ಚುಕ್ಕೆಚುಕ್ಕೆಯಾಗಿ ಎಳೆಸುತ್ತೇನೆ, ಪಕ್ಕದಲ್ಲಿ ಯಾರ ಲೆಕ್ಕ ಎಂದು ಬರೆಸುತ್ತೇನೆ.

ಮಾನವ ಭೂಗೋಳಕ್ಕೆ ತಟ್ಟೆ ಬದಿಗಿಟ್ಟು ಕಾಳು ಹಿಡಿಯಬೇಕು. ಹತ್ತು ಅಡ್ಡ ಹತ್ತು ಚೌಕದ ಹಾಳೆಯನ್ನು ಈಜಿಪ್ಟ್ ಎಂದುಕೊಳ್ಳಿ. ವಿಸ್ತೀರ್ಣ ಸುಮಾರು 10 ಲಕ್ಷ ಚ.ಕಿ.ಮೀ., ಅಂದರೆ ಚೌಕಕ್ಕೆ 10,000. ಜನಸಂಖ್ಯೆ ಈಗ 10 ಕೋಟಿ ದಾಟಿದೆ, ಲೆಕ್ಕಕ್ಕೆ ಹತ್ತೇ ಇಟ್ಟುಕೊಂಡರೆ ನೂರು ಕಾಳಿಗೆ ತಲಾ 10 ಲಕ್ಷ. ಚೌಕಕ್ಕೊಂದು ಕಾಳು ಇಟ್ಟರೆ ಸಾಂದ್ರತೆ ಚ.ಕಿ.ಮೀ.ಗೆ 100. ಈಗ ನೈಲ್ ಹಾಯುವ ಐದು ಚೌಕಕ್ಕೆ 95 ಕಾಳು ಸುರಿಯಿರಿ. ಅಲ್ಲಿನ ಸಾಂದ್ರತೆ 1,900, ಉಳಿದ 95 ಚೌಕಕ್ಕೆ ಐದೇ ಕಾಳು. ವಾಸ್ತವಕ್ಕೆ ಹತ್ತಿರವಾದದ್ದು ಈ ಎರಡನೆಯ ಚಿತ್ರ. ಸಾಂದ್ರತೆ, ಹಂಚಿಕೆ ಎರಡೂ ಬೇರೆ ಎಂದು ಬಾಯಲ್ಲಿ ಹೇಳುವ ಅಗತ್ಯವೇ ಬೀಳುವುದಿಲ್ಲ.

ನಗರೀಕರಣಕ್ಕೂ ಕಾಳೇ. 1,000 ಜನರಲ್ಲಿ 300 ಮಂದಿ ನಗರವಾಸಿಗಳು. ಮುಂದೆ ಒಟ್ಟು 1,500 ಆಗಿ ನಗರದಲ್ಲಿ 420 ಆದರು. ನಗರದ ಜನ ಶೇ. 40ರಷ್ಟು ಹೆಚ್ಚಿದರು, ಆದರೆ ಪಾಲು ಶೇ. 30ರಿಂದ 28ಕ್ಕೆ ಇಳಿಯಿತು. ನಗರ ಬೆಳೆದಿದೆ, ನಗರೀಕರಣ ಹಿಂದೆ ಸರಿದಿದೆ. ಅನುಭವಸ್ಥರೂ ಇಲ್ಲಿ ಒಮ್ಮೆ ಮುಗ್ಗರಿಸುತ್ತಾರೆ. ಜನನ ಪ್ರಮಾಣ ಸಾವಿರಕ್ಕೆ, ಬೆಳವಣಿಗೆ ನೂರಕ್ಕೆ ಎಂಬುದೂ ಇಲ್ಲೇ ಸರಿಹೋಗಲಿ: ಜನನ 20, ಮರಣ 8 ಆದರೆ ಸಹಜ ಬೆಳವಣಿಗೆ ಶೇ. 1.2, ಶೇ. 12 ಅಲ್ಲ.

ಹವಾಮಾನ, ವಾಯುಗುಣದ ಮುಂದೆ ತಟ್ಟೆಯೂ ಸೋಲುತ್ತದೆ, ಕಾಳೂ ಸೋಲುತ್ತದೆ. ಅಲ್ಲಿ ಅಂಚು ಕಾಲದ್ದು. ಒಂದು ದಿನದ ಮಳೆ ಹವಾಮಾನ, ಮೂವತ್ತು ವರ್ಷದ ಸರಾಸರಿ ವಾಯುಗುಣ. ಈಗ ಬಳಕೆಯಲ್ಲಿರುವ ಅವಧಿ 1991ರಿಂದ 2020. ತಿಂಗಳವಾರು ಪಟ್ಟಿನಕ್ಷೆಯೇ ಇದಕ್ಕೆ ಗತಿ.

ಕೊನೆಗೆ ಪರೀಕ್ಷೆ. ಹಿಂದೆ ನೋಡಿರದ ಒಂದು ಸ್ಥಳಾಕೃತಿ ನಕ್ಷೆ, ಇಪ್ಪತ್ತು ಪದ, ಒಂದು ಪೆನ್ಸಿಲ್. ಪ್ರತಿ ಪದಕ್ಕೂ ಗೆರೆ ಎಳೆದು, ಗೆರೆ ಅಲ್ಲೇ ಏಕೆ ಎಂದು ಒಂದು ವಾಕ್ಯ ಬರೆಯಬೇಕು. ನಾನು ಎಳೆದ ಗೆರೆಯಿಂದ 5 ಮಿ.ಮೀ. ಒಳಗಿದ್ದರೆ ಪೂರ್ತಿ ಅಂಕ. ಹೊರಗಿದ್ದೂ ಕಾರಣ ಸರಿಯಿದ್ದರೆ ಮುಕ್ಕಾಲು. ಗೆರೆ ಸರಿಯಿದ್ದು ಕಾರಣವಿಲ್ಲದಿದ್ದರೆ ಕಾಲು ಮಾತ್ರ, ಏಕೆಂದರೆ ಪಕ್ಕದವರ ಹಾಳೆ ನೋಡಿ ಎಳೆದ ಗೆರೆಗಳು ಸಾಮಾನ್ಯವಾಗಿ ಬಹಳ ಚೆನ್ನಾಗಿಯೇ ಇರುತ್ತವೆ. ಇಪ್ಪತ್ತರಲ್ಲಿ ಎರಡು ಪದ ಆ ನಕ್ಷೆಯಲ್ಲಿ ಇಲ್ಲವೇ ಇಲ್ಲದವನ್ನು ಸೇರಿಸುತ್ತೇನೆ. ಯಾವ ಎರಡನ್ನು ಆರಿಸಿದರೆ ಎಲ್ಲರೂ ಸಿಕ್ಕಿಬೀಳುತ್ತಾರೆ ಎಂಬುದು ನನ್ನ ಬಳಿಯೇ ಇರಲಿ.