ಹೆಡ್‌ಫೋನ್ ಆಂಪ್ ಕೊಳ್ಳುವ ಮೊದಲು ಇಂಟಿಗ್ರೇಟೆಡ್‌ನ ಜ್ಯಾಕ್ ಅಳೆಯಿರಿ

ಆಷಾಢದ ಮಳೆ ಹಂಚಿನ ಮೇಲೆ ಹೊಯ್ಯುವಾಗ ಶಿರಸಿ ಕಡೆಯ ಮನೆಗಳಲ್ಲಿ ಸ್ಪೀಕರ್ ಹಚ್ಚಿ ವಿಲಂಬಿತ ಖ್ಯಾಲ್ ಕೇಳುವುದು ಆಗದ ಮಾತು. ತಂಬೂರಿಯ ನಾದವೆಲ್ಲ ಮಳೆಯಲ್ಲೇ ಕರಗಿಹೋಗುತ್ತದೆ. ಆಗ ಹೆಡ್‌ಫೋನ್ ಬೇಕೇ ಬೇಕು, ಅದೂ ಕಿವಿ ಪೂರ್ತಿ ಮುಚ್ಚುವಂಥದ್ದು. ಮನೆಯಲ್ಲಿ ಸ್ಪೀಕರ್ ನಡೆಸುವ ಸ್ಟೀರಿಯೊ ಇಂಟಿಗ್ರೇಟೆಡ್ ಆಂಪ್ಲಿಫೈಯರ್ ಇರುವಾಗ ಬೇರೆ ಹೆಡ್‌ಫೋನ್ ಆಂಪ್ ಬೇಕೇ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಮಲ್ಟಿಮೀಟರ್ ತೆಗೆಯುತ್ತೇನೆ.

ಹಳೆಯ ಇಂಟಿಗ್ರೇಟೆಡ್‌ಗಳಲ್ಲಿ ಹೆಡ್‌ಫೋನಿಗೆಂದು ಪ್ರತ್ಯೇಕ ಸರ್ಕ್ಯೂಟ್ ಇರುವುದಿಲ್ಲ. ಸ್ಪೀಕರಿಗೆ ಹೋಗುವ ಸಿಗ್ನಲ್ಲನ್ನೇ ಚಾನೆಲ್ಲಿಗೊಂದು ರೆಸಿಸ್ಟರ್ ದಾಟಿಸಿ ಜ್ಯಾಕಿಗೆ ಕೊಟ್ಟಿರುತ್ತಾರೆ. ಅದು ಸಾಮಾನ್ಯವಾಗಿ 220ರಿಂದ 470 ಓಂ. ಶಕ್ತಿಗೆ ಇಲ್ಲಿ ಕೊರತೆಯಿಲ್ಲ. ತೊಂದರೆ ಕೊಡುವುದು ಆ ರೆಸಿಸ್ಟರ್. ಅದರಿಂದಾಗಿ ಹೆಡ್‌ಫೋನಿನ ಇಂಪಿಡೆನ್ಸ್, ಅಂದರೆ ಸಿಗ್ನಲ್ಲಿಗೆ ಅದು ಒಡ್ಡುವ ತಡೆ, ಎಲ್ಲಿ ಏರುತ್ತದೋ ಅಲ್ಲಿ ದನಿಯೂ ಉಬ್ಬುತ್ತದೆ.

ಅಳೆಯಲು 33 ಓಂನ ಅರ್ಧ ವ್ಯಾಟ್ ರೆಸಿಸ್ಟರ್ ಒಂದು, 6.35 ಮಿಮೀ ಸ್ಟೀರಿಯೊ ಪ್ಲಗ್ ಒಂದು ಸಾಕು. ಫೋನಿನಿಂದ ಆಂಪಿಗೆ 100 ಹರ್ಟ್ಸ್ ಸೈನ್ ಟೋನ್ ಹಾಕಿ. ಅಗ್ಗದ ಮೀಟರುಗಳು 1 ಕಿಲೋಹರ್ಟ್ಸ್‌ನಲ್ಲಿ ತಪ್ಪು ತೋರಿಸುವುದುಂಟು. ಪ್ಲಗ್ಗನ್ನು ಜ್ಯಾಕಿಗೆ ಸಿಕ್ಕಿಸಿ, ಅದರ ತುದಿಯ ಟರ್ಮಿನಲ್ಲಿಗೂ ಬುಡದ ಟರ್ಮಿನಲ್ಲಿಗೂ ಮೀಟರ್ ಹಿಡಿದು, ವಾಲ್ಯೂಮನ್ನು ಸೊನ್ನೆಯಿಂದ ನಿಧಾನಕ್ಕೆ ಏರಿಸಿ 2 ವೋಲ್ಟ್ ಎಸಿಗೆ ತನ್ನಿ. ನಂತರ ವಾಲ್ಯೂಮ್ ಮುಟ್ಟದೆ ಅದೇ ಎರಡು ಕಡೆಗೆ 33 ಓಂ ಜೋಡಿಸಿ ಮತ್ತೆ ಓದಿ. ನನ್ನ 50 ವ್ಯಾಟಿನ ಹಳೆಯ ಆಂಪಿನಲ್ಲಿ 2.00 ಇದ್ದದ್ದು 0.18ಕ್ಕೆ ಇಳಿಯಿತು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, 1 ಕಳೆದು, 33ರಿಂದ ಗುಣಿಸಿದರೆ ಸುಮಾರು 333 ಓಂ. ಅಂದರೆ ಒಳಗಿರುವುದು 330ರ ರೆಸಿಸ್ಟರ್.

ಸೆನ್‌ಹೈಸರ್ ಎಚ್‌ಡಿ 650 ತರಹದ 300 ಓಂ ಹೆಡ್‌ಫೋನಿಗೆ ಇದು ದೊಡ್ಡ ವಿಷಯವಲ್ಲ. ಅದರ ಇಂಪಿಡೆನ್ಸ್ ಮಂದ್ರದಲ್ಲಿ 500 ಓಂ ಆಸುಪಾಸಿಗೆ ಏರುವುದರಿಂದ ಅಲ್ಲಿ ಸುಮಾರು 2 ಡೆಸಿಬಲ್ ಉಬ್ಬುತ್ತದೆ, ತಬಲಾದ ಡಗ್ಗಾ ತುಸು ದಪ್ಪಗೆ ಕೇಳುತ್ತದೆ, ಅಷ್ಟೇ. ಅದಕ್ಕಾಗಿ ನಾನಂತೂ ಹೊಸ ಆಂಪ್ ಕೊಳ್ಳುವುದಿಲ್ಲ. 32 ಓಂನ ಮಾಮೂಲಿ ಹೆಡ್‌ಫೋನ್ ಮಂದ್ರದಲ್ಲಿ 60ಕ್ಕೆ ಏರಿದರೆ ಮಾತ್ರ ಉಬ್ಬು ಹತ್ತಿರಹತ್ತಿರ 5 ಡೆಸಿಬಲ್. ಆಗ ಡಗ್ಗಾದ ಮೀಂಡ್ ಒಂದೇ ಗುಂಯ್‌ಗುಟ್ಟುವಿಕೆಯಾಗಿ, ಬೋಲು ಬಿಡಿಬಿಡಿಯಾಗಿ ಸಿಗುವುದಿಲ್ಲ. ಪ್ಲೇನಾರ್ (ಚಪ್ಪಟೆ ಪೊರೆಯ) ಹೆಡ್‌ಫೋನುಗಳ ಇಂಪಿಡೆನ್ಸ್ ಎಲ್ಲ ಕಡೆ ಒಂದೇ ಇರುವುದರಿಂದ ಅವುಗಳ ದನಿ ಬದಲಾಗುವುದಿಲ್ಲ, ವಾಲ್ಯೂಮ್ ಮಾತ್ರ ಇಳಿಯುತ್ತದೆ.

32 ಓಂನವರಿಗೆ ನಾನು ಮೊದಲು ಹೇಳುವುದು ಎರಡು ರೆಸಿಸ್ಟರಿನ ಉಪಾಯ. 10 ಓಂನ ಅರ್ಧ ವ್ಯಾಟ್ ಮೆಟಲ್ ಫಿಲ್ಮ್ ಎರಡು ತನ್ನಿ. ಬಣ್ಣದ ಪಟ್ಟಿ ನಂಬದೆ ಮೀಟರಿನಲ್ಲಿ ನೋಡಿಯೇ ತನ್ನಿ. ಪ್ಲಗ್ ಮತ್ತು ಸಾಕೆಟ್ ನಡುವೆ ಗೇಣುದ್ದದ ವೈರ್ ಹಾಕಿ, ಸಾಕೆಟ್ಟಿನಲ್ಲಿ ತುದಿಯಿಂದ ಬುಡಕ್ಕೊಂದು, ನಡುವಿನ ಉಂಗುರದಿಂದ ಬುಡಕ್ಕೊಂದು ಬೆಸೆಯಿರಿ. ಈಗ ಹೆಡ್‌ಫೋನಿಗೆ ಕಾಣುವ ಇಂಪಿಡೆನ್ಸ್ 10 ಓಂಗಿಂತ ತುಸು ಕಡಿಮೆ, ಉಬ್ಬು 1 ಡೆಸಿಬಲ್ಲಿಗೆ ಇಳಿಯಿತು. ದನಿ 12 ಡೆಸಿಬಲ್ ತಗ್ಗುತ್ತದೆ, ಜೊತೆಗೆ ಆಂಪಿನ ಹಿಸ್ ಕೂಡ ಅಷ್ಟೇ ತಗ್ಗುತ್ತದೆ. ವಾಲ್ಯೂಮ್ ಹೆಚ್ಚು ತಿರುಗಿಸಬೇಕಾಗುವುದರಿಂದ, ನಾಬ್ ತೀರಾ ಕೆಳಗಿದ್ದಾಗ ಎಡ ಬಲ ಸಮ ಬರದ ಕಾಟವೂ ತಪ್ಪುತ್ತದೆ. 50 ವ್ಯಾಟಿನ ಆಂಪಿನಿಂದ ಹೆಡ್‌ಫೋನಿಗೆ ಇನ್ನೂ 6 ಮಿಲಿವ್ಯಾಟ್ ಸಿಗುತ್ತದೆ. ಮಿಲಿವ್ಯಾಟಿಗೆ 98 ಡೆಸಿಬಲ್ ಕೊಡುವ ಹೆಡ್‌ಫೋನಿಗೆ ಅದು ಧಾರಾಳ.

ಬುಡದ ಬೆಸುಗೆ ಸಡಿಲವಾದರೆ ವಿಚಿತ್ರ ಲಕ್ಷಣ ಕಾಣುತ್ತದೆ: ನಡುವೆ ಹಾಡುವವರು ಮಾಯವಾಗಿ, ಅಕ್ಕಪಕ್ಕದ ಸದ್ದು ಮಾತ್ರ ಟೊಳ್ಳಾಗಿ ಕೇಳುತ್ತದೆ. ಹೆಡ್‌ಫೋನ್ ಕೆಟ್ಟಿತೆಂದು ತಿಳಿಯಬೇಡಿ, ಆ ಬೆಸುಗೆ ಮತ್ತೆ ಕಾಯಿಸಿ. ಇನ್ನೊಂದು ಮಾತು ಮರೆಯಬಾರದು. ಅಳತೆಯಲ್ಲಿ 50 ಓಂಗಿಂತ ಕಡಿಮೆ ಬಂದರೆ ಈ ಉಪಾಯ ಮಾಡಲೇಬೇಡಿ. ಒಳಗೆ ಆಪ್‌ಆಂಪ್ ಎಂಬ ಪುಟ್ಟ ಆಂಪ್ಲಿಫೈಯರ್ ಚಿಪ್ ಇರಬಹುದು, 10 ಓಂ ಎಳೆಯುವ ಕರೆಂಟು ಅದಕ್ಕೆ ಭಾರ.

ಹಾಗಾದರೆ ಬೇರೆ ಆಂಪ್ ಯಾವಾಗ? ಹಲವು ಡ್ರೈವರುಗಳ (ದನಿ ಹೊರಡಿಸುವ ಪುಟ್ಟ ಘಟಕಗಳ) ಇಯರ್‌ಫೋನ್ ಇದ್ದರೆ ಖಂಡಿತ ಬೇಕು. ಕೆಲವುಗಳ ಇಂಪಿಡೆನ್ಸ್ ತಾರಸ್ಥಾಯಿಯಲ್ಲಿ 10 ಓಂಗೆ ಇಳಿಯುತ್ತದೆ, ಅವಕ್ಕೆ ಔಟ್‌ಪುಟ್ ಇಂಪಿಡೆನ್ಸ್ (ಆಂಪಿನ ಒಳಗಿನ ತಡೆ) 1 ಓಂ ಒಳಗಿರುವ ಆಂಪೇ ಆಗಬೇಕು. ನಮ್ಮ ಕಡೆ ಇನ್ನೊಂದು ಬಲವಾದ ಕಾರಣ ಕರೆಂಟು. ಮರ ಬಿದ್ದು ಲೈನ್ ಹೋದರೆ ದಿನಗಟ್ಟಲೆ ಇನ್ವರ್ಟರೇ ಗತಿ. ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಇಂಟಿಗ್ರೇಟೆಡ್‌ನ ಟ್ರಾನ್ಸ್‌ಫಾರ್ಮರ್ ಝೀ ಎನ್ನುತ್ತದೆ, ಅದು ಹೆಡ್‌ಫೋನಿಗೂ ನುಸುಳುತ್ತದೆ. ಪವರ್ ಬ್ಯಾಂಕಿನಲ್ಲಿ ನಡೆಯುವ ಯುಎಸ್‌ಬಿ ಆಂಪಿಗೆ ಈ ಗೋಳಿಲ್ಲ. ಸ್ವತಃ ಬೆಸೆಯುವವರಿಗೆ 2011ರ ಓ2 ಹೆಡ್‌ಫೋನ್ ಆಂಪ್ ವಿನ್ಯಾಸ ಈಗಲೂ ಒಳ್ಳೆಯದೇ: ಎರಡು 9 ವೋಲ್ಟ್ ಬ್ಯಾಟರಿ, ಎರಡು ಎನ್‌ಜೆಎಂ4556ಎ ಚಿಪ್, ಅರ್ಧ ಓಂ ಔಟ್‌ಪುಟ್. ಕೊಳ್ಳುವುದಾದರೆ ಔಟ್‌ಪುಟ್ ಇಂಪಿಡೆನ್ಸ್ ಹೆಡ್‌ಫೋನಿನ ಎಂಟನೇ ಒಂದು ಭಾಗ ಮೀರದಂತೆ ನೋಡಿಕೊಳ್ಳಿ.

ಕಾರವಾರ, ಕುಮಟಾದ ಕಡಲಂಚಿನವರು ಹೊಸದರ ಯೋಚನೆಗೆ ಮೊದಲು ಹಳೆಯ ಜ್ಯಾಕ್ ತೊಳೆಯಬೇಕು. ಒಂದು ಕಡೆ ದನಿ ಬರದಿರುವುದು, ಪ್ಲಗ್ ತಿರುಗಿಸಿದಾಗ ಕರಕರ ಎನ್ನುವುದು, ಇವು ಬಹುಪಾಲು ಉಪ್ಪುಗಾಳಿಗೆ ಕಿಲುಬು ಹಿಡಿದ ಕಾಂಟ್ಯಾಕ್ಟಿನ ಕೆಲಸ. ಆಂಪಿನ ಪವರ್ ವೈರ್ ಗೋಡೆಯಿಂದ ಕಿತ್ತು ಅರ್ಧ ತಾಸು ಬಿಟ್ಟು, ಪ್ಲಗ್ಗಿಗೆ ಕಾಂಟ್ಯಾಕ್ಟ್ ಕ್ಲೀನರ್ ಸವರಿ ಇಪ್ಪತ್ತು ಸಲ ಹಾಕಿ ತೆಗೆಯಿರಿ. ನೇರವಾಗಿ ಒಳಗೆ ಸ್ಪ್ರೇ ಮಾಡಿದರೆ ಕೊಳೆ ಕರಗಿ ಹಿಂದಿನ ಬೋರ್ಡಿನ ಮೇಲೆ ಕೂರುತ್ತದೆ.