ಒಂದೇ ತಿದ್ದುಪಡಿ, ನಾನೂರು ಸಾಲು: ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ನಿಮ್ಮದೇ ಶಾರ್ಟ್‌ಕಟ್

ಊರುಗಳ ಪಟ್ಟಿ ಇದೆ, ಸಾಲಿಗೊಂದು ಹೆಸರು. ಸಿರಸಿ ಎಂದಿರುವುದು "ಸಿರಸಿ", ಎಂದಾಗಬೇಕು, ಕೊನೆಯ ಅಲ್ಪವಿರಾಮವೂ ಸೇರಿ. ಹತ್ತು ಸಾಲಾದರೆ ಕೈಯಲ್ಲೇ ಮುಗಿಸಬಹುದು. ನಾನೂರು ಸಾಲಿದ್ದರೆ ಮ್ಯಾಕ್ರೋ ಮಾಡಿಕೊಳ್ಳಿ: ನೀವು ಒತ್ತಿದ ಕೀಗಳನ್ನು ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಎಂಬ ಪಠ್ಯ ಎಡಿಟರ್ ನೆನಪಿಟ್ಟುಕೊಂಡು, ಹೇಳಿದಾಗಲೆಲ್ಲ ಅದೇ ಕ್ರಮದಲ್ಲಿ ತಾನೇ ಒತ್ತುತ್ತದೆ.

ರೆಕಾರ್ಡ್ ಮಾಡುವ ಮೊದಲು ಮೂರು ತಯಾರಿ ಬೇಕು. ಮ್ಯಾಕ್ರೋ ಕೆಡುವುದು ಹೆಚ್ಚಾಗಿ ಇಲ್ಲೇ. ವ್ಯೂ ಮೆನುವಿನಲ್ಲಿ ವರ್ಡ್ ರ‍್ಯಾಪ್ ಆಫ್ ಮಾಡಿ. ಅದು ಆನ್ ಇದ್ದರೆ ಉದ್ದದ ಸಾಲು ಮಡಚಿಕೊಂಡು, ಹೋಮ್ ಕೀ ನಿಜವಾದ ಆರಂಭಕ್ಕೆ ಹೋಗದೆ ಮಡಿಕೆಯ ಆರಂಭದಲ್ಲೇ ನಿಲ್ಲುತ್ತದೆ. ಸೆಟ್ಟಿಂಗ್ಸ್, ಪ್ರಿಫರೆನ್ಸಸ್, ಆಟೋ ಕಂಪ್ಲೀಶನ್‌ಗೆ ಹೋಗಿ, ಉದ್ಧರಣ ಚಿಹ್ನೆಯ ಆಟೋ ಇನ್ಸರ್ಟ್ ತೆಗೆಯಿರಿ. ಇಲ್ಲವಾದರೆ ಒಂದು ಒತ್ತಿದರೆ ಜೋಡಿ ಬೀಳುತ್ತದೆ. ಕೀಬೋರ್ಡನ್ನು ಇಂಗ್ಲಿಷ್‌ಗೆ ಬದಲಿಸಿ. ಕನ್ನಡದ ಇನ್‌ಸ್ಕ್ರಿಪ್ಟ್ ಕೀಲಿ ವಿನ್ಯಾಸದಲ್ಲೇ ಇದ್ದರೆ ಆ ಚಿಹ್ನೆಯ ಜಾಗದಲ್ಲಿ ಠ ಬರುತ್ತದೆ.

ಕರ್ಸರ್ ಮೊದಲ ಸಾಲಿನ ಆರಂಭದಲ್ಲಿರಲಿ. ಮ್ಯಾಕ್ರೋ ಮೆನುವಿನಲ್ಲಿ ಸ್ಟಾರ್ಟ್ ರೆಕಾರ್ಡಿಂಗ್ ಒತ್ತಿ. ಉದ್ಧರಣ ಚಿಹ್ನೆ ಹಾಕಿ, ಎಂಡ್ ಒತ್ತಿ, ಮತ್ತೆ ಚಿಹ್ನೆ, ಅಲ್ಪವಿರಾಮ. ಆಮೇಲೆ ಕೆಳಬಾಣ, ಹೋಮ್. ಸ್ಟಾಪ್ ರೆಕಾರ್ಡಿಂಗ್. ಕೊನೆಯ ಆ ಎರಡು ಕೀಗಳನ್ನು ಮರೆತರೆ ಮ್ಯಾಕ್ರೋ ಮುಂದಿನ ಸಾಲಿಗೆ ಇಳಿಯದೆ ಮೊದಲ ಸಾಲಿಗೇ ಚಿಹ್ನೆಗಳನ್ನು ಪೇರಿಸುತ್ತದೆ.

ಮೌಸ್ ಮುಟ್ಟಬೇಡಿ, ಕ್ಲಿಕ್ ರೆಕಾರ್ಡ್ ಆಗುವುದಿಲ್ಲ. ಬಲಬಾಣ ಒತ್ತಿ ಒತ್ತಿ ಸಾಲಿನ ಕೊನೆಗೆ ಹೋಗುವುದೂ ತಪ್ಪು: ಸಿರಸಿಗೆ ಸರಿಹೋದ ಎಣಿಕೆ ತೀರ್ಥಹಳ್ಳಿಯ ನಡುವೆಯೇ ನಿಂತು ಹೆಸರನ್ನು ಸೀಳುತ್ತದೆ. ಎಂಡ್ ಕೀಗೆ ಹೆಸರಿನ ಉದ್ದದ ಹಂಗಿಲ್ಲ. ಸಾಲಿನ ಮೊದಲಲ್ಲಿ ಖಾಲಿ ಜಾಗವಿದ್ದರೆ ಮುಂಚೆಯೇ ಅಳಿಸಿಬಿಡಿ, ಏಕೆಂದರೆ ಹೋಮ್ ಮೊದಲು ಹೋಗುವುದು ಮೊದಲ ಅಕ್ಷರಕ್ಕೆ.

ಈಗ ಎರಡನೇ ಸಾಲಿನಲ್ಲಿ ಕಂಟ್ರೋಲ್, ಶಿಫ್ಟ್, ಪಿ ಒತ್ತಿ ಪರೀಕ್ಷಿಸಿ. ಒಂದೇ ಸಲ ನೋಡಿ ನಂಬಬೇಡಿ. ಉದ್ದ, ಗಿಡ್ಡ ಎರಡೂ ಬಗೆಯ ಹೆಸರಿನ ಮೇಲೆ ಓಡಿಸಿ. ತಪ್ಪಿದ್ದರೆ ಕಂಟ್ರೋಲ್ ಝಡ್ ಒತ್ತಿ, ಹೊಸದಾಗಿ ರೆಕಾರ್ಡ್ ಮಾಡಿ. ಇಷ್ಟು ಚಿಕ್ಕದನ್ನು ರಿಪೇರಿ ಮಾಡುವುದಕ್ಕಿಂತ ಅದೇ ಬೇಗ.

ಸರಿಬಂದರೆ ಸೇವ್ ಕರೆಂಟ್ ರೆಕಾರ್ಡೆಡ್ ಮ್ಯಾಕ್ರೋ. ಹೆಸರು ಕೊಟ್ಟು, ಕಂಟ್ರೋಲ್ ಮತ್ತು ಆಲ್ಟ್‌ಗೆ ಟಿಕ್ ಹಾಕಿ, ಪಟ್ಟಿಯಿಂದ ಎಫ್9 ಆರಿಸಿ. ಆ ಜೋಡಿ ಬೇರೆ ಕೆಲಸಕ್ಕೆ ಬಳಕೆಯಲ್ಲಿದೆಯೇ ಎಂದು ಸೆಟ್ಟಿಂಗ್ಸ್‌ನ ಶಾರ್ಟ್‌ಕಟ್ ಮ್ಯಾಪರ್‌ನಲ್ಲಿ ಮ್ಯಾಕ್ರೋಸ್ ಟ್ಯಾಬ್ ತೆರೆದು ನೋಡಿ. ಘರ್ಷಣೆಯಿದ್ದರೆ ಕೆಳಗೆ ತೋರಿಸುತ್ತದೆ. ಕೀ ಬದಲಿಸುವುದೂ ಅಲ್ಲೇ.

ಉಳಿದ ಸಾಲುಗಳಿಗೆ ಮ್ಯಾಕ್ರೋ ಮೆನುವಿನ ರನ್ ಎ ಮ್ಯಾಕ್ರೋ ಮಲ್ಟಿಪಲ್ ಟೈಮ್ಸ್ ಇದೆ. ಎಷ್ಟು ಸಲ ಎಂದು ಎಣಿಸಿ ಕೊಡಬಹುದು, ಅಥವಾ ಫೈಲ್ ಮುಗಿಯುವವರೆಗೆ ಓಡಿಸಬಹುದು. ಎಣಿಸಿ ಕೊಡುವುದೇ ಭದ್ರ. ಹೇಗೆ ಓಡಿಸಿದರೂ ಕಟ್ಟಕಡೆಯ ಸಾಲನ್ನು ಕಣ್ಣಾರೆ ನೋಡಿ: ಅಲ್ಪವಿರಾಮ ಬೇಡದ ಸಾಲು ಸಾಮಾನ್ಯವಾಗಿ ಅದೊಂದೇ.