ರೋನ್ ಕಣಿವೆಯ ಕೆಂಪು ವೈನ್: ಗುಣ ಅರಿತು ಊಟಕ್ಕೆ ಹೊಂದಿಸುವುದು ಹೇಗೆ?

ಫ್ರಾನ್ಸಿನ ಕೆಂಪು ವೈನ್ ಬಾಟಲಿಯ ಮೇಲೆ ದ್ರಾಕ್ಷಿಯ ಹೆಸರು ಹುಡುಕಿದರೆ ಬಹಳ ಸಲ ಸಿಗುವುದಿಲ್ಲ, ಪ್ರದೇಶದ ಹೆಸರಷ್ಟೇ ಇರುತ್ತದೆ. ‘ಕೋತ್ ದ್ಯು ರೋನ್’ ಅಂಥದೊಂದು ಹೆಸರು. 1937ರಲ್ಲಿ ಕಾನೂನಿನ ಮಾನ್ಯತೆ ಪಡೆದ ಈ ವೈನ್ ಹೆಚ್ಚಾಗಿ ಬರುವುದು ಆವಿನ್ಯೋನ್ ಪಟ್ಟಣದ ಸುತ್ತಲಿನ ದಕ್ಷಿಣ ರೋನ್ ಕಣಿವೆಯಿಂದ. ಬೆಲೆ ಕೈಗೆಟಕುವಂತಿರುತ್ತದೆ, ಊಟದೊಂದಿಗೆ ಹೊಂದಿಕೊಳ್ಳುತ್ತದೆ. ಫ್ರೆಂಚ್ ವೈನ್ ಕಲಿಯಲು ಹೊರಟವರು ಹೆಸರಾಂತ ಬೋರ್ಡೋ ಪ್ರದೇಶದ ವೈನಿಗಿಂತ ಇಲ್ಲಿಂದ ಆರಂಭಿಸುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಮೊದಲು ದ್ರಾಕ್ಷಿಗಳ ಮಿಶ್ರಣದ ಲೆಕ್ಕ ತಿಳಿಯಬೇಕು. ಮುಖ್ಯ ದ್ರಾಕ್ಷಿ ಗ್ರೆನಾಶ್. ಬಿಸಿಲು ಬಿದ್ದಷ್ಟೂ ಅದರಲ್ಲಿ ಸಕ್ಕರೆ ಕೂಡುತ್ತದೆ, ಆ ಸಕ್ಕರೆಯೇ ಹುದುಗಿ ಆಲ್ಕೋಹಾಲ್ ಆಗುತ್ತದೆ. ಶೇ 14ರ ಪ್ರಮಾಣ ಇಲ್ಲಿ ಅಪರೂಪವೇನಲ್ಲ. ಸ್ಟ್ರಾಬೆರಿ, ರಾಸ್ಪ್‌ಬೆರಿಗಳ ಪರಿಮಳವೂ ಅದರದೇ. ಆದರೆ ಬಣ್ಣ ತೆಳು, ಒಗರು ಕಡಿಮೆ. ಆ ಕೊರತೆಯನ್ನು ಸಿರಾ ಎಂಬ ಎರಡನೆಯ ದ್ರಾಕ್ಷಿ ತುಂಬುತ್ತದೆ: ಗಾಢ ಬಣ್ಣ, ಬಿಗಿ, ಜೊತೆಗೆ ಕಾಳುಮೆಣಸಿನ ಘಮ. ಘಮ ಎನ್ನುವುದು ಬರೀ ವರ್ಣನೆಯಲ್ಲ. ಕಾಳುಮೆಣಸಿನಲ್ಲಿರುವ ರೊಟುಂಡೋನ್ ಎಂಬ ಸಂಯುಕ್ತವೇ ಸಿರಾದಲ್ಲೂ ಇದೆ. ಮಲೆನಾಡಿನವರಿಗೆ ಅದನ್ನು ಯಾರೂ ಪರಿಚಯಿಸಬೇಕಾಗಿಲ್ಲ. ಮೂರನೆಯದು ತಡವಾಗಿ ಹಣ್ಣಾಗುವ ಮೂರ್ವೆದ್ರ್. ಚರ್ಮದ, ಸುಟ್ಟ ಮಾಂಸದ ವಾಸನೆಯೊಂದಿಗೆ ಒಗರನ್ನೂ ಕೊಡುತ್ತದೆ. ಇದೇ ಕಣಿವೆಯ ದುಬಾರಿ ಬಂಧು ಶಾತೊನಫ್ ದ್ಯು ಪಾಪ್. ಅಲ್ಲಿ ಹಲವು ತೋಟಗಳಲ್ಲಿ ಉರುಟು ಕಲ್ಲುಗಳು ಹಗಲಿನ ಬಿಸಿಲನ್ನು ಹಿಡಿದಿಟ್ಟು ರಾತ್ರಿ ಬಳ್ಳಿಗೆ ಶಾಖ ಕೊಡುತ್ತವೆ. ಉತ್ತರದಿಂದ ಬೀಸುವ ಮಿಸ್ತ್ರಾಲ್ ಎಂಬ ಒಣಗಾಳಿ ಗೊಂಚಲುಗಳನ್ನು ಆರಿಸಿ, ಬೂಷ್ಟು ಹಿಡಿಯದಂತೆ ಕಾಯುತ್ತದೆ.

ಇನ್ನು ಬಡಿಸುವ ಹದ. ಕೆಂಪು ವೈನನ್ನು ‘ಕೋಣೆಯ ಉಷ್ಣತೆಯಲ್ಲಿ’ ಕುಡಿಯಬೇಕೆಂಬ ಮಾತು ಚಳಿ ದೇಶದ ತಣ್ಣನೆಯ ಮನೆಗಳದ್ದು. ಬೆಂಗಳೂರಿನ ಏಪ್ರಿಲ್‌ನಲ್ಲಿ ಅದನ್ನು ಪಾಲಿಸಿದರೆ ಮೂಗಿಗೆ ಮೊದಲು ತಾಗುವುದು ಆಲ್ಕೋಹಾಲೇ. ಬಾಟಲಿಯನ್ನು ಒಂದು ಒಂದೂವರೆ ಗಂಟೆ ಫ್ರಿಜ್‌ನಲ್ಲಿಡಿ. 16 ಡಿಗ್ರಿಯ ಆಸುಪಾಸು ಸರಿ. ಲೋಟದ ಮೂರನೇ ಒಂದು ಭಾಗ ಮಾತ್ರ ತುಂಬಿ, ಮೆಲ್ಲಗೆ ತಿರುಗಿಸಿ, ಮೂಸಿ. ಗುಟುಕನ್ನು ನಾಲಿಗೆಯ ಮೇಲೆ ಸ್ವಲ್ಪ ಹೊತ್ತು ಹಿಡಿದರೆ ಹಣ್ಣು ಮೊದಲು, ಮೆಣಸು ಆಮೇಲೆ, ಒಸಡು ಹಿಡಿಯುವ ಒಗರು ಕೊನೆಗೆ ತಿಳಿಯುತ್ತದೆ.

ಊಟದ ಆಯ್ಕೆಗೆ ಆ ಒಗರೇ ದಾರಿ ತೋರಿಸುತ್ತದೆ. ಕೊಬ್ಬು, ಪ್ರೋಟೀನ್, ಉಪ್ಪು ಒಗರನ್ನು ಮೃದುಗೊಳಿಸುತ್ತವೆ. ಆದ್ದರಿಂದಲೇ ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್ ಜನ ಕೆಂಪು ವೈನಿನಲ್ಲೇ ಗಂಟೆಗಟ್ಟಲೆ ಬೇಯಿಸುವ ದೋಬ್ ಎಂಬ ದನದ ಮಾಂಸದ ಅಡುಗೆ, ರೋಸ್ಮೆರಿ ಹಾಕಿ ಹುರಿದ ಕುರಿಮರಿಯ ತೊಡೆ ಇದಕ್ಕೆ ಹೇಳಿಮಾಡಿಸಿದಂತಿವೆ. ಸಸ್ಯಾಹಾರಿಗಳು ಹಿಂದೆ ಬೀಳಬೇಕಾಗಿಲ್ಲ: ಬದನೆ, ಟೊಮೆಟೊ, ದಪ್ಪ ಮೆಣಸಿನಕಾಯಿ, ಆಲಿವ್ ಎಣ್ಣೆಯ ರಾತಾತೂಯ್, ಹುರಿದ ಅಣಬೆ, ಕುರಿ ಹಾಲಿನ ಗಟ್ಟಿ ಚೀಸ್ ಎಲ್ಲವೂ ಚೆನ್ನಾಗಿ ಹೊಂದುತ್ತವೆ. ನಮ್ಮ ಕಡೆಯ ಅಡುಗೆಗಳಲ್ಲಿ ನಾನು ಮೊದಲು ಹೆಸರಿಸುವುದು ಕೊಡಗಿನ ಪಂದಿ ಕರಿ. ಕೊಬ್ಬೂ ಇದೆ, ಕಾಳುಮೆಣಸೂ ಇದೆ. ಅದಕ್ಕೆ ಹುಳಿಗಾಗಿ ಹಾಕುವ ಕಾಚಂಪುಳಿಯ ಕೈ ಮಾತ್ರ ಬಿಗಿಯಾಗಿರಲಿ: ಊಟ ವೈನಿಗಿಂತ ಹುಳಿಯಾದರೆ ವೈನ್ ಸಪ್ಪೆಯಾಗುತ್ತದೆ.

ಬ್ಯಾಡಗಿ ಮೆಣಸಿನಕಾಯಿಯನ್ನು ಅದರ ಬಣ್ಣಕ್ಕಾಗಿ ಕ್ಷಮಿಸಬಹುದು, ಗುಂಟೂರಿನದನ್ನು ಸಾಧ್ಯವಿಲ್ಲ. ಮೆಣಸಿನಕಾಯಿಯ ಉರಿಗೆ ಆಲ್ಕೋಹಾಲ್ ತುಪ್ಪ ಸುರಿಯುತ್ತದೆ, ಒಗರೂ ಕಹಿಯಾಗಿ ತೋರುತ್ತದೆ. ಬಂಗುಡೆಯಂಥ ಎಣ್ಣೆ ಮೀನಿನ ಜೊತೆ ಬಾಯಲ್ಲಿ ಲೋಹದ ರುಚಿ ಬರಬಹುದು. ಸಿಹಿ ತಿನಿಸಿನ ಪಕ್ಕದಲ್ಲಂತೂ ಇಡಲೇಬೇಡಿ.

ಬಾಟಲಿಯಲ್ಲಿ ಉಳಿದರೆ ಬಿರಡೆ ಹಾಕಿ ಫ್ರಿಜ್‌ನಲ್ಲಿಡಿ. ಎರಡು ಮೂರು ದಿನ ಕುಡಿಯಲು ಚೆನ್ನಾಗಿರುತ್ತದೆ. ಆಮೇಲೆ ಅಡುಗೆಗೆ ಹಾಕಿ.